ನೀರು ಮುಗಿದರೂ ಶಿಳ್ಳೆ ಹಾಕದ ಹಬೆಯಂತ್ರದವರಿಗೆ

ಕೇಶೋಪಚಾರ ಧುರಂಧರರೂ, ಪಾರದರ್ಶಕ ಟೊಪ್ಪಿಗೆಯ ಒಡೆಯರೂ, ನಮ್ಮ ಮಲಗುವ ಕೋಣೆಯಲ್ಲಿ ನೆಟ್ಟಗೆ ಕೆಲಸ ಮಾಡುವ ಏಕೈಕ ಪ್ಲಗ್ಗಿನ ಸರ್ವಾಧಿಕಾರಿಗಳೂ ಆದ ಶ್ರೀಮಾನ್ ಹಬೆಯಂತ್ರದವರ ಸನ್ನಿಧಾನಕ್ಕೆ, ಅದೇ ಮನೆಯ ಮುಂದಿನ ಕೋಣೆಯಲ್ಲಿ ವಾಸವಾಗಿರುವವನ ಅನಂತ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ಬಲ್ಲೆ. ಮೆತ್ತನೆಯ ಬಟ್ಟೆಯಿಂದ ದಿನವೂ ಮೈ ಒರೆಸಿಸಿಕೊಂಡು, ಹೂವಿನ ಕಸೂತಿಯ ಮುಸುಕು ಹೊದ್ದು, ಕಿಟಕಿಯ ಪಕ್ಕದ ತಂಪಾದ ಜಾಗದಲ್ಲಿ ನಿಂತಿರುವವರು ಕ್ಷೇಮವಾಗಿರದೆ ಇನ್ನೇನು. ಆ ಜಾಗದಲ್ಲಿ ಮೊದಲು ನನ್ನ ಕುರ್ಚಿ ಇತ್ತು. ಈಗ ಅದು ಬಾಗಿಲ ಹಿಂದೆ, ಹಳೆಯ ಪತ್ರಿಕೆಗಳ ಕಟ್ಟಿನ ಜೊತೆ ಸೇರಿಕೊಂಡಿದೆ. ಇದರ ಬಗ್ಗೆ ನನಗೆ ಎಳ್ಳಷ್ಟೂ ಬೇಸರವಿಲ್ಲ ಎಂದು ಬರೆಯಬೇಕೆಂದೇ ಪೆನ್ನು ಹಿಡಿದೆ, ಆದರೆ ಬೇಸರವಿದೆ.

ತಮಗೆ ನನ್ನ ಪರಿಚಯ ಯಾರೂ ಮಾಡಿಕೊಟ್ಟಂತಿಲ್ಲ. ನಾನು ಗಡಿಯಾರ ರಿಪೇರಿಯವನು. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಉಸಿರು ಜೋರಾಗಿ ಬಿಟ್ಟರೂ ಸ್ಕ್ರೂ ಹಾರಿಹೋದೀತೆಂಬ ಭಯದಲ್ಲಿ ದಿನವಿಡೀ ಕೂರುವ ಕೆಲಸವಾದ್ದರಿಂದ ನನಗೆ ಮಾತಿನ ಅಭ್ಯಾಸ ಕಡಿಮೆ. ನನ್ನ ಹೆಂಡತಿ ಇದಕ್ಕೆ ತದ್ವಿರುದ್ಧ. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕುಳಿತು, ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡವಾಗಿದೆ ಎಂದು ಜಗತ್ತಿಗೆ ಸಾರುವವಳು. ಮೈಕು ಕೆಟ್ಟ ದಿನವೂ ಅವಳ ದನಿ ಕಡೆಯ ಪ್ಲಾಟ್‌ಫಾರ್ಮಿಗೆ ಮುಟ್ಟುತ್ತದೆಂದು ಡ್ರೈವರುಗಳೇ ಹೊಗಳುತ್ತಾರೆ. ಮನೆಯಲ್ಲಿಯೂ ಅಷ್ಟೇ. "ಊಟ ರೆಡಿ ಇದೆ, ಕೈ ತೊಳ್ಕೊಂಡು ಬರಬೇಕು, ತಡ ಮಾಡಿದೋರಿಗೆ ತಣ್ಣಗಿರೋದೇ ಗತಿ" ಎಂದು ಅವಳು ಒಮ್ಮೆ ಸಾರಿದರೆ ಮಹಡಿಯ ಮನೆಯವರೂ ಕೈ ತೊಳೆದುಕೊಳ್ಳುತ್ತಾರೆ.

ತಾವು ದಯಮಾಡಿಸುವ ಮುಂಚೆ ಈ ಮನೆಯಲ್ಲಿ ತಮ್ಮ ಹುದ್ದೆಯನ್ನು ನಿಭಾಯಿಸುತ್ತಿದ್ದವನು ನಾನೇ ಎಂಬುದನ್ನು ವಿನಯದಿಂದ ತಮ್ಮ ಗಮನಕ್ಕೆ ತರುತ್ತೇನೆ. ನಿಲ್ದಾಣದ ಧೂಳು, ಹೊಗೆ ಕುಡಿದು ನಾರಿನಂತಾಗಿದ್ದ ಅವಳ ಕೂದಲನ್ನು ಭಾನುವಾರ ಬೆಳಿಗ್ಗೆ ಎಳೆ ಎಳೆಯಾಗಿ ಬಿಡಿಸಿ, ಉಗುರುಬೆಚ್ಚಗಿನ ಎಣ್ಣೆಯನ್ನು ಬುಡಕ್ಕೆ ಉಜ್ಜಿ, ತುದಿಗೆ ಸವರಿ, ಬಿಸಿನೀರಲ್ಲಿ ಅದ್ದಿದ ಟವೆಲನ್ನು ಕೈ ಸುಟ್ಟುಕೊಂಡು ಹಿಂಡಿ ತಲೆಗೆ ಸುತ್ತುತ್ತಿದ್ದೆ. ಅದು ಆರುವಷ್ಟರಲ್ಲಿ ಇನ್ನೊಂದು ತಯಾರಿರುತ್ತಿತ್ತು. ಹಬೆಗೆ ಕೂದಲು ಎಷ್ಟು ಮೆತ್ತಗಾಗುತ್ತಿತ್ತೋ ಕಾಣೆ, ನನ್ನ ನಾಲಿಗೆಯಂತೂ ಮೆತ್ತಗಾಗುತ್ತಿತ್ತು. ಮುಖ ನೋಡಿಕೊಂಡು ಆಡಲಾಗದ ಮಾತನ್ನು ನೆತ್ತಿ ನೋಡಿಕೊಂಡು ಸಲೀಸಾಗಿ ಆಡಬಹುದು. ವಾರವಿಡೀ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನೆಲ್ಲ ನಾನು ಆ ಅರ್ಧ ಗಂಟೆಯಲ್ಲಿ ಹೇಳಿ ಮುಗಿಸುತ್ತಿದ್ದೆ, ಊರಿಗೆಲ್ಲ ದಾರಿ ಹೇಳುವವಳು ಆ ಹೊತ್ತು ಮಾತ್ರ ತೆಪ್ಪಗೆ ಕೇಳಿಸಿಕೊಳ್ಳುತ್ತಿದ್ದಳು.

ಹೀಗಿರುವಾಗ ಅವಳ ತಂಗಿ ತಮ್ಮನ್ನು ದೊಡ್ಡ ಪೆಟ್ಟಿಗೆಯಲ್ಲಿ ಕರೆತಂದು, "ಭಾವಾ, ಇನ್ಮೇಲೆ ನಿಮಗೆ ಆರಾಮು" ಎಂದಳು. ಕೆಲಸದಿಂದ ತೆಗೆಯುವುದನ್ನು ಇಷ್ಟು ಪ್ರೀತಿಯಿಂದ ಹೇಳಿದ್ದನ್ನು ನಾನು ಎಲ್ಲೂ ಕೇಳಿಲ್ಲ.

ತಮ್ಮ ಪ್ರತಿಭೆಯ ಬಗ್ಗೆ ಎರಡು ಮಾತಿಲ್ಲ, ಮಾನ್ಯರೇ. ಕೆಳಗಿನ ಡಬ್ಬಿಗೆ ನೀರು ಹಾಕಿ ಗುಂಡಿ ಒತ್ತಿದರೆ ಸಾಕು, ತಲೆಯ ಸುತ್ತ ಒಂದೇ ಹದದಲ್ಲಿ ಹಬೆ ಹರಡುತ್ತದೆ; ಎಲ್ಲಿಯೂ ಸುಡುವುದಿಲ್ಲ, ಎಲ್ಲಿಯೂ ಆರುವುದಿಲ್ಲ. "ಒಂದು ಹನೀನೂ ಬೆನ್ನಿಗೆ ಇಳಿಯೋಲ್ಲ ಕಣ್ರೀ" ಎಂದು ಅವಳು ಟೊಪ್ಪಿಗೆಯೊಳಗಿಂದಲೇ ಘೋಷಿಸಿದಾಗ, ಇಷ್ಟು ವರ್ಷ ಇಳಿಯುತ್ತಿತ್ತೆಂಬ ಸಂಗತಿ ನನಗೂ ಬೀದಿಗೂ ಒಟ್ಟಿಗೇ ತಿಳಿಯಿತು. ತಮ್ಮ ಬುಸುಬುಸು ಸದ್ದಿನಲ್ಲಿ ತನ್ನ ದನಿ ತನಗೇ ಕೇಳಿಸದೆ, ಪಿಸುಗುಟ್ಟುತ್ತಿದ್ದೇನೆಂದು ತಿಳಿದು ಅವಳು ಕೂಗುತ್ತಾಳೆ. ಒಮ್ಮೆ ಒಣ ಟವೆಲ್ ಕೇಳಿದ್ದಕ್ಕೆ ಮಹಡಿಯ ಮನೆಯಾಕೆ ಅವರ ಮನೆಯದೊಂದನ್ನು ಹಿಡಿದು ಕೆಳಗೆ ಓಡಿ ಬಂದಿದ್ದರು.

ಅವಳಿಗೆ ಅವಳದೇ ದನಿ ಕೇಳಿಸದಿದ್ದರೆ ನನ್ನದು ಎಲ್ಲಿ ಕೇಳಿಸೀತು ಎಂದು ಆಗಲೇ ನನ್ನ ತಲೆಗೆ ಹೊಳೆದದ್ದು. ಪರೀಕ್ಷೆಗೆಂದು ಎದುರಿಗೆ ಸ್ಟೂಲು ಹಾಕಿಕೊಂಡು ಕುಳಿತು, ಮೆಲ್ಲಗೆ, ನಿನ್ನ ತಂಗಿಗೆ ಬುದ್ಧಿ ಸ್ವಲ್ಪ ಕಮ್ಮಿ ಎಂದೆ. ಕಣ್ಣು ಮುಚ್ಚಿ ಕುಳಿತಿದ್ದವಳು ಸುಖವಾಗಿ ಮುಗುಳ್ನಕ್ಕಳು. ಅಂದಿನಿಂದ ನನಗೆ ಸ್ವರ್ಗಕ್ಕೆ ಮೂರೇ ಗೇಣು. ಭಾನುವಾರ ಬಂತೆಂದರೆ ತಾವು ಒಂದು ಕಡೆ ಹಬೆ ಬಿಡುವುದು, ನಾನು ಇನ್ನೊಂದು ಕಡೆ ಬಿಡುವುದು. ಅಡುಗೆಗೆ ಉಪ್ಪು ಹೆಚ್ಚಾಗುತ್ತಿದೆ ಎಂದೆ, ನಾನು ಓದುವ ಮೊದಲೇ ಪತ್ರಿಕೆಯನ್ನು ಕಪಾಟಿಗೆ ಹಾಸುವುದು ಯಾವ ನ್ಯಾಯ ಎಂದೆ, ನೀನು ನಿಲ್ದಾಣದಲ್ಲಿ ಹೇಳುವ ಧನ್ಯವಾದವನ್ನು ಒಂದು ಸಲವಾದರೂ ಮನೆಯಲ್ಲಿ ಹೇಳಬಾರದೇ ಎಂದೂ ಕೇಳಿದೆ. ಮಾತಿಗೆ ಕುಳಿತರೆ ನನಗೆ ಮೈಮೇಲೆ ಎಚ್ಚರವಿರುವುದಿಲ್ಲ, ತಲೆ ತಗ್ಗಿಸಿ ನೆಲ ನೋಡುತ್ತಾ ಹೇಳುತ್ತಲೇ ಹೋಗುತ್ತೇನೆ.

ಕಳೆದ ಭಾನುವಾರ ಹಾಗೆಯೇ ಹೇಳುತ್ತಾ ಹೇಳುತ್ತಾ, ಹೇಳಬಾರದೆಂದುಕೊಂಡದ್ದನ್ನೂ ಹೇಳಿಬಿಟ್ಟೆ. ನನ್ನ ಬಲಗೈ ನಡುಗತೊಡಗಿದೆ, ಮಾನ್ಯರೇ. ಹೆಂಗಸರ ವಾಚಿನ ಸ್ಕ್ರೂ ಚಿಮಟಿಗೆಯಿಂದ ಜಾರುತ್ತದೆ; ಹುಡುಕುವುದರಲ್ಲೇ ಮಧ್ಯಾಹ್ನವಾಗುತ್ತದೆ. ಗಿರಾಕಿಗಳಿಗೆ ಗೊತ್ತಿಲ್ಲ, ಅವಳಿಗಂತೂ ಗೊತ್ತಾಗಬಾರದು, ಗೊತ್ತಾದರೆ ಅವಳಿಗೆ ನಿದ್ದೆ ಬರುವುದಿಲ್ಲ. ಕೈ ಹೋದ ಗಡಿಯಾರದವನು ಯಾವ ಕೆಲಸಕ್ಕೆ ಬಂದಾನು, ನನಗೆ ಭಯವಾಗುತ್ತಿದೆ ಕಣೇ ಎಂದು ಹೇಳಿ ತಲೆ ಎತ್ತಿದರೆ, ಕೋಣೆಯಲ್ಲಿ ಸದ್ದೇ ಇಲ್ಲ. ಹಬೆಯಿಲ್ಲ. ತಮ್ಮ ಕೆಂಪು ದೀಪವಿಲ್ಲ. ನೀರು ಮುಗಿದು ತಾವು ಅದ್ಯಾವಾಗಲೋ ಬಾಯಿ ಮುಚ್ಚಿಕೊಂಡು ನಿಂತಿದ್ದಿರಿ. ಅವಳು ಕಣ್ಣು ಮುಚ್ಚಿದವಳು ಮುಚ್ಚಿದಂತೆಯೇ ಇದ್ದಳು.

ನನ್ನ ದೂರು ಇದೇ. ನಮ್ಮ ಅಡುಗೆಮನೆಯ ಕುಕ್ಕರು ಓದುಬರಹ ಬಾರದ್ದು, ಆದರೂ ಶಿಳ್ಳೆ ಹಾಕಿ ಹೇಳುತ್ತದೆ. ಎರಡು ಕಾಸಿನ ಅಲಾರಂ ಗಡಿಯಾರಕ್ಕೂ ಆ ಸೌಜನ್ಯವಿದೆ. ಇಷ್ಟು ದೊಡ್ಡ ಮನೆತನದಿಂದ ಬಂದ ತಮಗೆ ಒಂದು ಗಂಟೆ ಬಾರಿಸುವುದು ಭಾರವಾಯಿತೇ? ಆದ್ದರಿಂದ ತಾವು ಕೂಡಲೇ ಒಂದು ಶಿಳ್ಳೆಯನ್ನು ಅಳವಡಿಸಿಕೊಳ್ಳಬೇಕೆಂದೂ, ಅವಳ ಕಿವಿಗೆ ಬಿದ್ದಿರಬಹುದಾದ ಮಾತುಗಳನ್ನು ಅದೇ ಹಬೆಯಿಂದ ತೋಯಿಸಿ ಹೊರಗೆ ತೆಗೆಯಬೇಕೆಂದೂ, ಅದಾಗದಿದ್ದಲ್ಲಿ ಅಂದು ತಾವು ಕೊನೆಯವರೆಗೂ ಬುಸುಗುಟ್ಟುತ್ತಲೇ ಇದ್ದಿರೆಂದು ಅವಳೆದುರು ಸಾಕ್ಷಿ ಹೇಳಬೇಕೆಂದೂ ಕೋರುತ್ತೇನೆ.

ಏಕೆಂದರೆ ಈ ವಾರವಿಡೀ ನಾನು ಜೀವ ಕೈಯಲ್ಲಿ ಹಿಡಿದುಕೊಂಡಿದ್ದೇನೆ. ಅವಳು ಏನನ್ನೂ ಕೇಳಲಿಲ್ಲ. ಆದರೆ ಕಾಫಿಯ ಲೋಟವನ್ನು ಮುಕ್ಕಾಲು ಮಾತ್ರ ತುಂಬಿಸಿ ಕೊಡುತ್ತಿದ್ದಾಳೆ. ಇದು ಯಾವ ತಪ್ಪಿಗೆ ಶಿಕ್ಷೆಯೋ ತಿಳಿಯದು. ನನ್ನ ಮೇಜಿನ ಮೇಲೆ ಕತ್ತು ಬಗ್ಗಿಸಬಹುದಾದ ಹೊಸ ದೀಪವೊಂದು ಬಂದು ಕುಳಿತಿದೆ. ಕೇಳಿದರೆ ನನ್ನ ಮುಖ ನೋಡದೆ, "ಹಳೇದು ನೋಡೋಕೆ ಚೆನ್ನಾಗಿರ್ಲಿಲ್ಲ, ಅದಕ್ಕೆ" ಎಂದು ಬೀದಿಗೆಲ್ಲ ಕೇಳುವಂತೆ ಸಾರಿ ಒಳಗೆ ಹೋದಳು.

ಇಲ್ಲಿಯವರೆಗೆ ಬರೆದು, ಪೆನ್ನು ಕೈಕೊಟ್ಟಿತೆಂದು ಇನ್ನೊಂದು ಹುಡುಕಲು ಒಳಗೆ ಹೋದವನು ಈಗಷ್ಟೇ ಹಿಂದಿರುಗಿ ಕುಳಿತಿದ್ದೇನೆ. ಇವತ್ತು ಭಾನುವಾರ. ಅಡುಗೆಮನೆಯ ಬಾಗಿಲ ಸಂದಿಯಲ್ಲಿ ಅವಳು ಕಂಡಳು. ಎಣ್ಣೆ ಹಚ್ಚಿದ ಕೂದಲನ್ನು ನೆತ್ತಿಗೆ ಎತ್ತಿ ಕಟ್ಟಿಕೊಂಡು, ತಮ್ಮ ನೀರಿನ ಡಬ್ಬಿಯನ್ನು ನಲ್ಲಿಯ ಕೆಳಗೆ ಹಿಡಿದು, ಗೆರೆಯವರೆಗೆ ತುಂಬಿಸಿದಳು. ಆಮೇಲೆ ಒಮ್ಮೆ ಹಿಂದೆ ಮುಂದೆ ನೋಡಿ, ಅರ್ಧ ನೀರನ್ನು ಸದ್ದಾಗದ ಹಾಗೆ ಚೆಲ್ಲಿದಳು. ಅವಳ ಕೈ ಪಳಗಿದ್ದ ರೀತಿ ನೋಡಿದರೆ ಇದು ಇವತ್ತಿನ ಅಭ್ಯಾಸವಲ್ಲ. ಚೆಲ್ಲಿ, ಏನೂ ಮಾಡದವಳಂತೆ ಡಬ್ಬಿಯ ಮುಚ್ಚಳ ಬಿಗಿದಳು.

ಅರ್ಧ ನೀರಿಗೆ ಅರ್ಧ ಹೊತ್ತಿನ ಹಬೆ. ಉಳಿದರ್ಧ ಹೊತ್ತು ಅವಳು ನಿಶ್ಶಬ್ದವಾದ ಟೊಪ್ಪಿಗೆಯ ಕೆಳಗೆ ಕಣ್ಣು ಮುಚ್ಚಿ ಕುಳಿತು ಏನು ಮಾಡುತ್ತಿದ್ದಳೆಂಬುದು ತಮಗೆ ಮೊದಲಿನಿಂದಲೂ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ತಂಗಿಯ ಬುದ್ಧಿ, ಉಪ್ಪು, ಪತ್ರಿಕೆ, ಏನೇನು ಕೇಳಿಸಿಕೊಂಡಿದ್ದಾಳೋ ದೇವರೇ ಬಲ್ಲ. ಮೊದಲು ನಾಚಿಕೆಯಾಯಿತು, ಆಮೇಲೆ ನಗು ಬಂತು, ಆಮೇಲೆ ಕಾಫಿಯ ಲೋಟ ಯಾಕೆ ಮುಕ್ಕಾಲು ಎಂಬುದು ಅರ್ಥವಾಗಿ, ಕನ್ನಡಕ ತೆಗೆದು ಒರೆಸಿಕೊಂಡೆ. ತುಂಬಿದ ಲೋಟ ನನ್ನ ಕೈಯಲ್ಲಿ ತುಳುಕುವುದನ್ನು ಅವಳು ನನಗೂ ಕಾಣದಂತೆ ತಪ್ಪಿಸುತ್ತಿದ್ದಾಳೆ.

ಆದ್ದರಿಂದ ಮಾನ್ಯರೇ, ಮೇಲಿನ ದೂರನ್ನು ಈ ಮೂಲಕ ಹಿಂಪಡೆಯುತ್ತೇನೆ. ಶಿಳ್ಳೆ ಬೇಡ, ಗಂಟೆ ಬೇಡ. ನೀರು ಮುಗಿದಾಗ ಇಷ್ಟು ದಿನ ನಿಂತ ಹಾಗೆಯೇ ಮಗುಮ್ಮಾಗಿ ನಿಂತುಬಿಡಿ; ತಮಗೂ ನನಗೂ ಗೊತ್ತಿದೆಯೆಂದು ನಾವಿಬ್ಬರೂ ತೋರಿಸಿಕೊಳ್ಳುವುದು ಬೇಡ. "ಗಮನಿಸಿ, ಹಬೆಗೆ ಕೂರೋ ಹೊತ್ತಾಯ್ತು, ಜೊತೆಗೆ ಕೂರೋರು ತಕ್ಷಣ ಬರಬೇಕು" ಎಂಬ ಘೋಷಣೆ ಈಗ ಒಳಗಿನಿಂದ ಬರುತ್ತಿದೆ. ಕೈಯನ್ನು ಡಾಕ್ಟರಿಗೆ ತೋರಿಸಬೇಕು, ಒಬ್ಬನೇ ಹೋಗಲು ಧೈರ್ಯವಿಲ್ಲ, ಜೊತೆಗೆ ಬರುತ್ತೀಯಾ ಎಂದು ಅವಳನ್ನು ಕೇಳುವುದಿದೆ. ತಾವು ಬುಸುಗುಟ್ಟುವಷ್ಟು ಹೊತ್ತು ಅವಳ ತಂಗಿಯ ವಿಷಯ ಮಾತಾಡಿಕೊಂಡಿರುತ್ತೇನೆ. ಇದನ್ನು ಮಾತ್ರ ತಾವು ನಿಂತ ಮೇಲೆ ಕೇಳುತ್ತೇನೆ.

ತಮ್ಮ ಹುದ್ದೆಯ ಮಾಜಿ ಅಧಿಕಾರಿ, ಹಾಗೂ ಐದು ನಿಮಿಷದಿಂದೀಚೆಗೆ
ತಮ್ಮ ವಿಶ್ವಾಸಿ,
ಮುಂದಿನ ಕೋಣೆಯ ಗಡಿಯಾರದವನು

ತಾ.ಕ.: ತಮ್ಮ ಜೊತೆ ಬಂದ ಪುಸ್ತಿಕೆಯಲ್ಲಿ, ತಮ್ಮ ಸೇವೆಯಿಂದ ಕೂದಲು ರೇಷ್ಮೆಯಾಗುತ್ತದೆ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದೆ. ನಿನ್ನೆ ಕದ್ದು ಮುಟ್ಟಿ ನೋಡಿದೆ, ಮೊದಲಿನಷ್ಟೇ ಒರಟಾಗಿದೆ. ಅರ್ಧ ಹೊಟ್ಟೆಯಲ್ಲಿ ದುಡಿಯುವವರಿಂದ ಇನ್ನೇನಾದೀತು, ಪಾಪ. ತಾವು ಈ ಮನೆಯಲ್ಲಿರುವುದು ಕೂದಲಿಗಾಗಿ ಎಂದು ಇನ್ನೂ ನಂಬಿದ್ದರೆ, ದಯವಿಟ್ಟು ಹಾಗೆಯೇ ನಂಬಿಕೊಂಡಿರಿ.