ಉಪ್ಪುನೀರಿನ ಚೀಲಕ್ಕೆ ಒಪ್ಪಿದ್ದು

ತೀರ್ಮಾನ ತೆಗೆದುಕೊಳ್ಳುವುದೆಂದರೆ ನನಗೆ ಕೈಕಾಲು ಆಡುವುದಿಲ್ಲ. ಚನ್ನರಾಯಪಟ್ಟಣದಲ್ಲಿ ನಾನೊಂದು ಸೀರೆ ಆರಿಸುವಷ್ಟರಲ್ಲಿ ಅಂಗಡಿಯವನು ಮನೆಗೆ ಹೋಗಿ ಊಟ ಮುಗಿಸಿ ಬಂದಿರುತ್ತಾನೆ. ಅಂಥವಳಿಗೆ, ಕ್ಯಾನ್ಸರ್ ಬಂದು ಎಡಗಡೆಯ ಮೊಲೆ ತೆಗೆಸಿಕೊಂಡ ಎರಡು ವರ್ಷದ ಮೇಲೆ, ಹಾಸನದ ಡಾಕ್ಟರಮ್ಮ ಯೋಚಿಸಿ ಬನ್ನಿ ಎಂದು ಕಳಿಸಿದರು: ಆ ಜಾಗದಲ್ಲಿ, ಮೊಲೆಯ ಆಕಾರ ಬರಲೆಂದು, ಚರ್ಮದಡಿ ಉಪ್ಪುನೀರು ತುಂಬಿದ ಚೀಲ ಇಡಿಸಿಕೊಳ್ಳುತ್ತೀರಾ?

ನಾನು ಹೊಳೆನರಸೀಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುವವಳು. ಹಾಳೆಯ ನಡುವೆ ಗೆರೆ ಎಳೆದು ಕೂತೆ. ಚೀಲ ಸೋರಿದರೂ ಬರೀ ಉಪ್ಪುನೀರು, ಮೈ ಹೀರಿಕೊಳ್ಳುತ್ತದೆ. ಸೋರಿದ್ದು ಬೇಗ ಗೊತ್ತಾಗುತ್ತದೆ. ಅದು ಅನುಕೂಲ. ಮುಟ್ಟಿದರೆ ಅಷ್ಟು ಸಹಜವಾಗಿರುವುದಿಲ್ಲ, ಚರ್ಮದ ಮೇಲೆ ನಿರಿಗೆ ಕಾಣಬಹುದು, ಜೀವಮಾನವಿಡೀ ಬಾಳುವುದಿಲ್ಲವಾದ್ದರಿಂದ ಮತ್ತೆ ಆಪರೇಷನ್ ಬೇಕಾಗಬಹುದು. ಅದು ತೊಂದರೆ. ಮೂರು ವಾರ ಬರೆದದ್ದೇ ಬರೆದದ್ದು. ಗಂಡನನ್ನು ಕೇಳಿದರೆ "ನಿನ್ನಿಷ್ಟ ಕಣೆ" ಎಂದರು. ನನ್ನಿಷ್ಟ ಯಾವುದೆಂದು ಗೊತ್ತಿದ್ದರೆ ಇವರನ್ನೇಕೆ ಕೇಳುತ್ತಿದ್ದೆ?

ಒಂದು ಸೋಮವಾರ ಬೋರ್ಡಿನ ಮೇಲೆ ಹೃದಯದ ಚಿತ್ರ ಬರೆಯಲು ಕೈ ಎತ್ತಿದೆ. ರವಿಕೆಯೊಳಗೆ ಮಡಿಸಿಟ್ಟುಕೊಂಡಿದ್ದ ಬಟ್ಟೆ ಜಾರಿ ಹೆಗಲ ಹತ್ತಿರ ಬಂದು ಗಂಟಾಗಿ ನಿಂತಿತು. ಮಕ್ಕಳು ಯಾರೂ ನಗಲಿಲ್ಲ. ಇಡೀ ತರಗತಿ ಪುಸ್ತಕಕ್ಕೆ ತಲೆ ತಗ್ಗಿಸಿತು. ನಕ್ಕಿದ್ದರೆ ಗದರಬಹುದಿತ್ತು. ಮನೆಗೆ ಬಂದವಳೇ ಅಡುಗೆಮನೆಯಲ್ಲಿ ಕೂತು ಬಿಕ್ಕಿಬಿಕ್ಕಿ ಅತ್ತುಬಿಟ್ಟೆ.

ಆಯುಷ್ಯವೆಲ್ಲ ಗದ್ದೆಯಲ್ಲಿ ದುಡಿದ ನಮ್ಮತ್ತೆ ಪಕ್ಕದಲ್ಲಿ ಬಂದು ಕೂತರು.

"ಆ ಚೀಲ ಒಡೆದೋದ್ರೆ ಏನಾದದವ್ವಾ?"

"ಉಪ್ಪುನೀರು ಮೈಗೆ ಸೇರಿಕೊಳ್ಳುತ್ತೆ, ಅಷ್ಟೇ ಅತ್ತೆ."

"ಈಗ ಕಣ್ಣಾಗೆ ಸುರೀತಿರೋದೂ ಉಪ್ಪುನೀರೇ ಅಲ್ವಾ? ಸುಮ್ನೆ ಆಕುಸ್ಕೊಂಡ್ ಬುಡು, ನಾನೂ ಬತ್ತೀನಿ."

ಆ ವಾರವೇ ಇಬ್ಬರೂ ಹಾಸನದ ಬಸ್ಸು ಹತ್ತಿದೆವು. ಯಾಕೆ ಬೇಕೆನಿಸಿತು ಎಂದು ಡಾಕ್ಟರಮ್ಮ ಕೇಳಿದರು. "ಮಕ್ಕಳ ಮುಂದೆ ನೆಟ್ಟಗೆ ನಿಂತು ಪಾಠ ಮಾಡಬೇಕು, ಬೇರೆ ಯಾವ ಆಸೆಯೂ ಇಲ್ಲ" ಎಂದೆ. ನನ್ನ ಗಾಂಭೀರ್ಯಕ್ಕೆ ಪಕ್ಕದಲ್ಲಿ ನಿಂತಿದ್ದ ನರ್ಸಮ್ಮನ ಕಣ್ಣು ಒದ್ದೆಯಾಯಿತು.

"ಗಾತ್ರ ಹೇಗಿರಲಿ?" ಎಂದರು ಡಾಕ್ಟರಮ್ಮ.

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆಯೇ ಹೇಳಿದರು: "ಇನ್ನೊಂದ್ಕಡೆ ಎಂಗೈತೋ ಅಂಗೇ ಮಾಡಿ ಡಾಕ್ಟ್ರಮ್ಮಾ. ನಮ್ ಸೊಸೆಗೆ ಐವತ್ತಾತು, ಸೋಕಿಗೀಕಿ ಏನೂ ಇಲ್ಲ."

ಹಾಗೆಯೇ ಆಯಿತು. ಗಾಯ ಮಾಗಿತು, ಈಗ ಬೋರ್ಡಿನ ತುದಿಯವರೆಗೂ ಕೈ ಎತ್ತಿ ಬರೆಯುತ್ತೇನೆ. ಆದರೆ ಅತ್ತೆ ಅಡ್ಡ ಬಂದಾಗ ನನ್ನ ನಾಲಿಗೆಯ ತುದಿಯಲ್ಲಿದ್ದ ಮಾತನ್ನು ಇವತ್ತಿಗೂ ಯಾರಿಗೂ ಹೇಳಿಲ್ಲ: "ಹೇಗೂ ಕೈ ಹಾಕ್ತೀರಲ್ಲ ಮೇಡಂ, ಆ ಇನ್ನೊಂದನ್ನೂ ಒಂಚೂರು ಮೇಲಕ್ಕೆತ್ತಿ ಕೂರಿಸೋಕಾಗುತ್ತಾ?"