ಪ್ಲಾಸ್ಟಿಕ್ ತೆಗೆದಿದ್ದೀರಾ?

ಪಂಪ್‌ವೆಲ್ ಫ್ಲೈಓವರಿನ ಪಕ್ಕದ ಗಲ್ಲಿಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಉಂಟು. ಬರುವವರು ಯಾರೇ ಇರಲಿ, ಕೂತುಕೊಳ್ಳುವ ಮೊದಲೇ ಹೇಳುವುದು ಒಂದೇ ಮಾತು: "ಸ್ಲೋ ಉಂಟು ಮಾರಾಯ್ರೆ." ಇಷ್ಟು ವರ್ಷದಲ್ಲಿ ಕಂಪ್ಯೂಟರುಗಳು ಎಷ್ಟೋ ಬದಲಾದವು, ಈ ಮಾತು ಮಾತ್ರ ಹಾಗೆಯೇ ಉಂಟು.

ಇದರಲ್ಲಿ ಒಂದು ನಮೂನೆಯ ಸ್ಲೋ ನನಗೆ ತುಂಬಾ ಇಷ್ಟ. ಪ್ರೊಸೆಸರಿನ ಡಬ್ಬಿಯಲ್ಲಿ ಮೂರೂವರೆ ಗಿಗಾಹರ್ಟ್ಸ್ ಸ್ಪೀಡ್ ಅಂತ ಬರೆದಿರ್ತದೆ. ಕಂಪ್ಯೂಟರ್ ಆನ್ ಮಾಡಿ ನೋಡಿದ್ರೆ ಒಂದನ್ನೂ ದಾಟದೆ ತೆವಳ್ತಾ ಇರ್ತದೆ. ಹೆಚ್ಚಾಗಿ ಕಾರಣ ಬಿಸಿ. ಸುಟ್ಟು ಹೋಗಬಾರದು ಅಂತ ಪ್ರೊಸೆಸರ್ ತಾನಾಗಿಯೇ ನಿಧಾನ ಮಾಡಿಕೊಳ್ತದೆ. ಏಪ್ರಿಲಿನ ಮಧ್ಯಾಹ್ನ ಮಂಗಳೂರಿನಲ್ಲಿ ನಾವೆಲ್ಲ ಮಾಡುವುದೂ ಅದನ್ನೇ, ಅದರಲ್ಲಿ ತಪ್ಪೆಂತ ಇಲ್ಲ. ಬಿಸಿ ಯಾಕಾಯ್ತು ಅಂತ ಹುಡುಕುವುದೇ ನನ್ನ ಕೆಲಸ. ಹುಡುಕಿ ನಕ್ಕ ದಿನಗಳು ತುಂಬಾ ಉಂಟು. ನಾನೇ ನಗೆಪಾಟಲಾದ ದಿನವೂ ಒಂದು ಉಂಟು, ಅದನ್ನು ಕೊನೆಗೆ ಹೇಳ್ತೇನೆ.

೧. ರಾತ್ರಿಯ ಹೊದಿಕೆ

ವಾಮಂಜೂರಿನ ಒಬ್ಬರು ಅಂಕಲ್, ಗಲ್ಫಿನಲ್ಲಿ ಮೂವತ್ತು ವರ್ಷ ದುಡಿದು ಊರಿಗೆ ಬಂದವರು. ಹೊಸ ಕಂಪ್ಯೂಟರ್ ಸ್ಲೋ ಆಗಿದೆ ಅಂತ ಫೋನ್ ಮಾಡಿದ್ರು. ನಾನೇ ಮನೆಗೆ ಹೋದೆ. ಸೋಫಾಕ್ಕೆ ಬರುವಾಗ ಇದ್ದ ಪ್ಲಾಸ್ಟಿಕ್ ಹಾಗೆಯೇ ಉಂಟು, ಕೂತರೆ ಚರಚರ ಅಂತದೆ. ಟಿವಿಯ ರಿಮೋಟಿಗೆ ಪ್ಲಾಸ್ಟಿಕ್. ಊಟದ ಕುರ್ಚಿಗಳಿಗೂ ಪ್ಲಾಸ್ಟಿಕ್. ನಮ್ಮ ಕಡೆ ಇದೇನು ಹೊಸತಲ್ಲ. ಒಳ್ಳೆಯ ವಸ್ತು ಮನೆಗೆ ಬಂದರೆ ಅದರ ಪ್ಲಾಸ್ಟಿಕ್ ತೆಗೆಯಲಿಕ್ಕೆ ಯಾರಿಗೂ ಮನಸ್ಸು ಬರುವುದಿಲ್ಲ.

ಕಂಪ್ಯೂಟರಿನ ಪೆಟ್ಟಿಗೆಯೂ ಪ್ಲಾಸ್ಟಿಕ್ ಚೀಲದ ಒಳಗೇ ಇತ್ತು. ಸ್ವಿಚ್ಚಿನ ಜಾಗದಲ್ಲಿ ಮಾತ್ರ ಕತ್ತರಿಯಿಂದ ಒಂದು ದುಂಡಗಿನ ತೂತು. ಪಾಪ, ಎಷ್ಟು ಚೆಂದ ಕತ್ತರಿಸಿದ್ದರು ಅಂತ.

"ಅಂಕಲ್, ಇದನ್ನು ತೆಗೀಬೇಕು."

"ಒಳಗೆ ಧೂಳು ಹೋಗ್ತದಲ್ಲ ಮಾರಾಯ?"

"ಧೂಳು ಹೋಗದಿದ್ರೆ ಗಾಳಿಯೂ ಹೋಗುದಿಲ್ಲ. ಅದಕ್ಕೆ ಗಾಳಿ ಬೇಕು."

ಅಂಕಲ್ ಮೇಲೆ ತಿರುಗುತ್ತಿದ್ದ ಫ್ಯಾನನ್ನು ತೋರಿಸಿದರು. "ಗಾಳಿಗೆಂತ ಕಮ್ಮಿ? ಅದಕ್ಕೋಸ್ಕರವೇ ದಿನವಿಡೀ ಹಾಕಿ ಇಡುವುದು."

ಪ್ಲಾಸ್ಟಿಕ್ ತೆಗೆದು ಹತ್ತು ನಿಮಿಷ ಆಗುವಷ್ಟರಲ್ಲಿ ಸ್ಪೀಡ್ ಮೂರೂವರೆಗೆ ಬಂತು. ಅಂಕಲ್‌ಗೆ ಖುಷಿಯೋ ಖುಷಿ. ನಾನು ಗೇಟಿನ ಹತ್ತಿರ ಬೈಕ್ ತಿರುಗಿಸುವಾಗ ಆಂಟಿ ಹಿಂದಿನಿಂದ ಬಂದರು. ಕೈಯಲ್ಲಿ ಅದೇ ಪ್ಲಾಸ್ಟಿಕ್, ನಾಲ್ಕು ಮಡಿಕೆ ಮಡಚಿದ್ದು. ಮೆಲ್ಲ ಕೇಳಿದ್ರು, "ರಾತ್ರಿ ಅದು ಮಲಗಿದ ಮೇಲೆ ಹೊದೆಸಬಹುದಲ್ಲ?"

ಹೊದೆಸಿ ಆಂಟಿ ಅಂದೆ. ಅಂಗಡಿಗೆ ಬಂದವನೇ ಒಂದು ರಟ್ಟಿನಲ್ಲಿ "ಪ್ಲಾಸ್ಟಿಕ್ ತೆಗೆದಿದ್ದೀರಾ?" ಅಂತ ದಪ್ಪ ಅಕ್ಷರದಲ್ಲಿ ಬರೆದು, ಗಿರಾಕಿಗಳಿಗೆ ಕಾಣುವ ಹಾಗೆ ಮೇಜಿನ ಮೇಲೆ ನಿಲ್ಲಿಸಿದೆ.

೨. ಒಂದು ಚೆಂಡು ಮಲ್ಲಿಗೆ

ನನ್ನ ಪಕ್ಕದ ಅಂಗಡಿಯವರು ಮದುವೆ ಕಾಗದ ಮುದ್ರಿಸುವವರು. ಆಯುಧಪೂಜೆಯ ಮಾರನೇ ದಿನ ಕಂಪ್ಯೂಟರ್ ಹೊತ್ತುಕೊಂಡು ಬಂದರು. ಮುಖ ದಪ್ಪ ಮಾಡಿಕೊಂಡಿದ್ದರು.

"ಎಂತ ಅನ್ಯಾಯ ಇದು? ಪೂಜೆ ಆಗುವ ಮೊದಲು ಸರಿ ಇತ್ತು. ಪೂಜೆ ಆದ ಮೇಲೆ ಸ್ಲೋ."

ತೆರೆದು ನೋಡಿದೆ. ಗಾಳಿ ಒಳಗೆ ಹೋಗುವ ಜಾಲರಿಗೆ ಸರಿಯಾಗಿ ಒಂದು ಚೆಂಡು ಮಲ್ಲಿಗೆಯ ಮಾಲೆ ಹಾಕಿದ್ದಾರೆ. ಮಲ್ಲಿಗೆ ಬಾಡಿ, ಒಂದೊಂದೇ ಎಸಳು ಒಳಗೆ ಹೋಗಿ, ಫ್ಯಾನಿನ ಕೆಳಗೆ ಹಾಸಿಗೆ ಹಾಸಿದ ಹಾಗೆ ಕೂತಿದೆ. ಚಿಮಟ ಹಿಡಿದು ಒಂದೊಂದೇ ಹೆಕ್ಕಿದೆ. ಅಂಗಡಿಯೆಲ್ಲ ಪರಿಮಳ.

"ಹೂ ಒಳಗೆ ಹೋಗಿದೆ ಅಣ್ಣ," ಅಂದೆ.

ಅಣ್ಣನ ಮುಖ ಒಮ್ಮೆಗೇ ಅರಳಿತು. "ಒಳಗಿನವರೆಗೆ ಹೋಗಿದೆಯಾ? ಹಾಗಾದ್ರೆ ಮುಟ್ಟಬೇಕಾದವರಿಗೆ ಮುಟ್ಟಿದೆ."

ಅವತ್ತು ಮೇಜಿನ ಮೇಲಿನ ರಟ್ಟಿನ ಬೋರ್ಡಿನಲ್ಲಿ ಎರಡನೇ ಸಾಲು ಬಂತು: "ಹೂ ತೆಗೆದಿದ್ದೀರಾ?"

೩. ಕೆಂಪು ಪೆನ್ನು

ಇನ್ನು ನನ್ನ ಕತೆ. ಏಳನೇ ಕ್ಲಾಸಿನಲ್ಲಿ ನನಗೆ ಲೆಕ್ಕ ಕಲಿಸಿದ ಟೀಚರ್ ಈಗ ನಿವೃತ್ತರಾಗಿ ಬೆಂದೂರಿನಲ್ಲಿದ್ದಾರೆ. ಮನೆಮಾತು ಕೊಂಕಣಿ, ನಮ್ಮನ್ನೆಲ್ಲ ಈಗಲೂ 'ಪುತಾ', ಅಂದ್ರೆ ಮಗನೇ, ಅಂತಲೇ ಕರೆಯುವುದು. ಲೆಕ್ಕದಲ್ಲಿ ನಾನು ದಡ್ಡನೇನೂ ಆಗಿರ್ಲಿಲ್ಲ. ಆದ್ರೆ ಗುಣಿಸು ಅಂದಲ್ಲಿ ಭಾಗಿಸಿ ಬರುತ್ತಿದ್ದೆ. ಪ್ರತಿ ಪುಟದ ಕೆಳಗೆ ಟೀಚರ್ ಕೆಂಪು ಪೆನ್ನಿನಲ್ಲಿ ಬರೆಯುತ್ತಿದ್ದದ್ದು ಒಂದೇ ಶಬ್ದ: "ಗಡಿಬಿಡಿ."

ಅವರಿಗೆ ಒಂದು ಹೊಸ ಕಂಪ್ಯೂಟರನ್ನು ನಾನೇ ಕೈಯಾರೆ ಜೋಡಿಸಿ ಕೊಟ್ಟಿದ್ದೆ. "ನನ್ನ ಸ್ಟೂಡೆಂಟ್ ಮಾಡಿದ್ದು" ಅಂತ ಅವರು ಚರ್ಚಿನಲ್ಲಿ ಎಲ್ಲರಿಗೂ ಹೇಳಿದ್ರಂತೆ. ಕೇಳಿ ಒಂದು ವಾರ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಒಂದು ಶುಕ್ರವಾರ ಟೀಚರ್ ಆಟೋದಲ್ಲಿ ಕಂಪ್ಯೂಟರನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದಿಳಿದರು. "ಪುತಾ, ಇದು ಸ್ಲೋ ಉಂಟು."

ಭಾನುವಾರ ಅವರ ಅಕ್ಕನ ಮದುವೆಯ ಐವತ್ತನೇ ವರ್ಷದ ಜುಬಿಲಿ. ಹಳೆಯ ಫೋಟೊಗಳನ್ನು ಸೇರಿಸಿ ವಿಡಿಯೊ ಮಾಡಿದ್ದಾರೆ, ಚರ್ಚ್ ಹಾಲಿನಲ್ಲಿ ತೋರಿಸಬೇಕು. ವಿಡಿಯೊ ತಯಾರಾಗ್ಲಿಕ್ಕೆ ಮೊದಲು ಹತ್ತೊಂಬತ್ತು ಗಂಟೆ ಬೇಕು ಅಂತ ತೋರಿಸಿತಂತೆ, ಒಂದು ರಾತ್ರಿ ಕಾದ ಮೇಲೆ ಇಪ್ಪತ್ತೊಂದು ಅಂತ.

ನನಗೆ ಒಳಗಿಂದೊಳಗೇ ಹೆದರಿಕೆ ಆಯ್ತು. ಬೇರೆ ಯಾರು ಬೈದರೂ ಅಡ್ಡಿಯಿಲ್ಲ, ಈ ಒಬ್ಬರ ಹತ್ತಿರ ಮಾತ್ರ ಇನ್ನೊಂದು 'ಗಡಿಬಿಡಿ' ಬೇಡ.

ಆನ್ ಮಾಡಿ ನೋಡಿದೆ. ಮೂರೂವರೆ ಇರಬೇಕಾದ ಸ್ಪೀಡ್ ಒಂದರ ಕೆಳಗೆ ಉಂಟು, ಬಿಸಿ ನೂರು ಡಿಗ್ರಿಯ ಹತ್ತಿರ. ನಾನು ಬೋರ್ಡ್ ತೋರಿಸಿದೆ. ಟೀಚರ್ ಕನ್ನಡಕ ಹಾಕಿ ಓದಿದರು.

"ಪ್ಲಾಸ್ಟಿಕ್ ಬಂದ ದಿನವೇ ತೆಗೆದಿದ್ದೇನೆ. ಹೂ ದೇವರ ಅಲ್ತಾರಿಗೆ ಇಡ್ತೇನೆ, ಕಂಪ್ಯೂಟರಿಗೆ ಯಾಕೆ?"

"ಗೋಡೆಗೆ ತಾಗಿಸಿ ಇಟ್ಟಿದ್ದೀರಾ?"

"ಒಂದು ಗೇಣು ಬಿಡಿ ಅಂದಿದ್ದೆ ನೀನು. ಸ್ಕೇಲಿನಲ್ಲಿ ಅಳೆದು ಬಿಟ್ಟಿದ್ದೇನೆ."

ಕರೆಂಟ್ ಸರಿ ಇಲ್ಲ ಅಂದೆ. ಸಮುದ್ರದ ಉಪ್ಪು ಗಾಳಿ ಅಂದೆ. ಈಗಿನ ಪ್ರೊಸೆಸರುಗಳೇ ಹೀಗೆ ಅಂದೆ. ಸೆಟ್ಟಿಂಗ್ಸ್ ಎಲ್ಲ ತಿರುಗಿಸಿ ನೋಡಿದೆ, ಎಂತದೂ ಆಗ್ಲಿಲ್ಲ. ಟೀಚರ್ ಸ್ಟೂಲಿನ ಮೇಲೆ ಪರೀಕ್ಷೆ ಕಾಯಲಿಕ್ಕೆ ಕೂತ ಹಾಗೆಯೇ ಕೂತಿದ್ದರು.

"ಒಳಗೆ ನೋಡಿದ್ದೀಯಾ?"

"ಒಳಗಿನದ್ದೆಲ್ಲ ನಾನೇ ಜೋಡಿಸಿದ್ದಲ್ವಾ ಟೀಚರ್?"

"ಅದಕ್ಕೇ ಕೇಳಿದ್ದು."

ಪ್ರೊಸೆಸರಿನ ಮೇಲೆ ಅದರ ಬಿಸಿ ಎಳೆದುಕೊಳ್ಳಲಿಕ್ಕೆ ಲೋಹದ ಒಂದು ಗಟ್ಟಿ, ಅದರ ಮೇಲೆ ಫ್ಯಾನ್ ಇರ್ತದೆ. ಲೋಹ ಪ್ರೊಸೆಸರಿಗೆ ಸರಿಯಾಗಿ ತಾಗಬೇಕು. ಅದನ್ನು ಬಿಚ್ಚಿ ಮಗುಚಿದೆ. ಲೋಹದ ತಳಕ್ಕೆ ಒಂದು ತೆಳ್ಳಗಿನ ಪ್ಲಾಸ್ಟಿಕ್ ಅಂಟಿಕೊಂಡೇ ಉಂಟು. ಹೊಸತು ಬರುವಾಗ ಗೀರು ಬೀಳದಿರಲಿ ಅಂತ ಹಾಕಿರ್ತಾರೆ, ಜೋಡಿಸುವವನು ಕಿತ್ತು ಹಾಕಬೇಕು. ಜೋಡಿಸಿದವನು ನಾನು.

ಮೆಲ್ಲ ಕಿತ್ತು ಮುಷ್ಟಿಯಲ್ಲಿ ಹಿಡಿದುಕೊಂಡೆ.

"ಕೈಯಲ್ಲಿ ಎಂತ ಅದು?"

"ಎಂತ ಇಲ್ಲ ಟೀಚರ್."

"ತೋರಿಸು."

ತಲೆಯಲ್ಲಿ ಅರ್ಧ ಬಿಳಿಕೂದಲು ಬಂದಿದೆ, ಆದರೂ ಕೈ ತಾನಾಗಿ ಮುಂದೆ ಹೋಯಿತು. ಟೀಚರ್ ಆ ಪ್ಲಾಸ್ಟಿಕನ್ನು ಬೆಳಕಿಗೆ ಹಿಡಿದು ನೋಡಿ, ತಿರುಗಿ ನನಗೇ ಕೊಟ್ಟರು. ಅದರ ಮೇಲೆ ಇಂಗ್ಲಿಷಿನಲ್ಲಿ ಕೆಂಪು ಅಕ್ಷರ ಇತ್ತು.

"ಓದು. ಕನ್ನಡದಲ್ಲಿ ಹೇಳು."

"ಉಪಯೋಗಿಸುವ ಮೊದಲು ಇದನ್ನು ತೆಗೆಯಿರಿ."

"ಜೋರಾಗಿ."

ಜೋರಾಗಿ ಓದಿದೆ. ಮದುವೆ ಕಾಗದದ ಅಣ್ಣ ಏನಾಯ್ತು ಅಂತ ಬಾಗಿಲಿಗೆ ಬಂದು ನಿಂತಿದ್ದರು, ಅವರಿಗೂ ಕೇಳಿತು. ನಗು ತಡೆಯಲಾಗದೆ ಅವರು ತಮ್ಮ ಅಂಗಡಿಗೆ ಓಡಿದರು.

ಬಿಸಿ ದಾಟಿಸುವ ಪೇಸ್ಟ್ ಹಚ್ಚಿ ಲೋಹವನ್ನು ಮತ್ತೆ ಕೂರಿಸಿದೆ. ಸ್ಪೀಡ್ ಮೂರೂವರೆಗೆ ಹೋಗಿ ಅಲ್ಲೇ ನಿಂತಿತು. ಮುಕ್ಕಾಲು ಗಂಟೆಯಲ್ಲಿ ವಿಡಿಯೊ ತಯಾರು. ಇಬ್ಬರೂ ಕೂತು ನೋಡಿದೆವು. ಮದುವೆಯ ಮುಂಚಿನ ದಿನ ರೋಸ್ ಶಾಸ್ತ್ರದಲ್ಲಿ ಅಕ್ಕನಿಗೆ ತೆಂಗಿನ ಹಾಲು ಹಚ್ಚುವ ಕಪ್ಪುಬಿಳುಪು ಫೋಟೊ ಬಂತು. ಹಿಂದೆ ಎರಡು ಜಡೆ ಹಾಕಿ ನಿಂತ ಹುಡುಗಿಯನ್ನು ಟೀಚರ್ ಬೆರಳಿನಿಂದ ತೋರಿಸಿದರು. "ಇದು ನಾನು." ಅವರ ಕಣ್ಣು ತುಂಬಿತ್ತು.

ಹೊರಡುವಾಗ ಟೀಚರ್ ನನ್ನ ಜೇಬಿನಿಂದ ಕೆಂಪು ಪೆನ್ನು ತೆಗೆದು, ನನ್ನ ಬೋರ್ಡನ್ನು ಹತ್ತಿರ ಎಳೆದರು. "ಪ್ಲಾಸ್ಟಿಕ್ ತೆಗೆದಿದ್ದೀರಾ?" ಅನ್ನುವುದಕ್ಕೆ ಒಂದು ತಪ್ಪು ಹಾಕಿದರು. "ಹೂ ತೆಗೆದಿದ್ದೀರಾ?" ಅನ್ನುವುದಕ್ಕೆ ಒಂದು ಸರಿ ಹಾಕಿದರು. ಆಮೇಲೆ ಬೋರ್ಡನ್ನು ಗಿರಾಕಿಗಳ ಕಡೆಯಿಂದ ನನ್ನ ಕುರ್ಚಿಯ ಕಡೆಗೆ ತಿರುಗಿಸಿ ಇಟ್ಟರು.

"ಎರಡಕ್ಕೆ ಒಂದು," ಅಂದರು. "ಪಾಸ್."