ಮಗಳಿಗೊಂದು ತೊಟ್ಟಿ ಕಡಲು

ನನ್ನ ಮಗಳಿಗೆ ಅನ್ನದ ಕುಕ್ಕರಿನ ಮೇಲಿರುವ ಅಕ್ಕರೆ ನನ್ನ ಮೇಲಿಲ್ಲ. ‘ಅನ್ನ ಸಿದ್ಧವಾಗಿದೆ’ ಎಂದು ಕುಕ್ಕರು ಹೆಣ್ಣುದನಿಯಲ್ಲಿ ಸಾರಿದರೆ ಆರಿನ್ ಚಪ್ಪಾಳೆ ತಟ್ಟುತ್ತಾಳೆ. ನಾನು ‘ಆರಿನ್’ ಎಂದರೆ ಕಣ್ಣು ತುಂಬಿಕೊಂಡು ಅಜ್ಜಿಯ ಬೆನ್ನಿಗೆ ಅಂಟಿಕೊಳ್ಳುತ್ತಾಳೆ.

ತಪ್ಪು ಅವಳದಲ್ಲ. ನಾನು ಕೊರಿಯಾದ ಗೊಜೆ ದ್ವೀಪದ ಹಡಗು ಕಾರ್ಖಾನೆಯಲ್ಲಿ ಬೆಸುಗೆ ಹಾಕುವವನು. ಮನೆ ದೂರದ ದೇಗು ನಗರದಲ್ಲಿ. ಶನಿವಾರ ಬಂದು ಭಾನುವಾರ ಸಂಜೆ ಹೊರಟುಬಿಡುವ ನಾನು ಹತ್ತು ತಿಂಗಳ ಮಗುವಿನ ಕಣ್ಣಿಗೆ, ಗ್ಯಾಸ್ ಮೀಟರು ಓದಲು ಬರುವವನಿಗಿಂತ ತುಸು ಹೆಚ್ಚು ಸಲ ಬರುವ ಪರಕೀಯ. ವಾರವೆಲ್ಲ ಕಬ್ಬಿಣ ಮುಟ್ಟಿದ ಈ ಅಂಗೈಗಳಿಗೆ ಒಂದೇ ಆಸೆ: ಅವಳು ತಾನಾಗಿ ಬಂದು ಒಮ್ಮೆ ಮುಟ್ಟಲಿ. (ನಾನಾಗಿ ಎತ್ತಿಕೊಂಡರೆ ಅವಳ ಕಿರುಚಾಟಕ್ಕೆ ಪಕ್ಕದ ಮನೆಯವರು ಬಾಗಿಲು ತೆರೆದು ನೋಡುತ್ತಾರೆ.)

ಕಾರ್ಖಾನೆಯ ಗೆಳೆಯ, ಮೂರು ಮಕ್ಕಳ ತಂದೆ, ಉಪಾಯ ಹೇಳಿಕೊಟ್ಟ.

“ಗೊಂಬೆ ಗಿಂಬೆ ಕೊಳ್ಳಬೇಡ ಮಾರಾಯ. ಅಡುಗೆಮನೇಲಿ ಇರೋದನ್ನೇ ಮುಟ್ಟೋಕೆ ಕೊಡು. ಸೂಪಿಗೆ ಹಾಕೋ ಒಣ ಕಡಲಪಾಚಿ ನೆನೆಸಿ ಮುಂದಿಟ್ಟು ಪಕ್ಕದಲ್ಲಿ ಕೂತ್ಕೋ. ಆಡ್ತಾ ಆಡ್ತಾ ಮಗು ನಿನ್ನ ತೊಡೆ ಮೇಲೇ ಬಂದು ಕೂರುತ್ತೆ.”

ಆ ಭಾನುವಾರ ಹೆಂಡತಿ ಹೇರಿಮ್, ಅತ್ತೆ, ಮಗು ಪೇಟೆಗೆ ಹೋಗಿದ್ದಾಗ ಮಹತ್ಕಾರ್ಯ ಆರಂಭಿಸಿದೆ. ಕಪಾಟಿನ ಮೇಲೆ ಕೆಂಪು ದಾರ ಕಟ್ಟಿದ, ನನ್ನ ತೋಳಿಗಿಂತ ಉದ್ದದ ಒಣಪಾಚಿಯ ಕಟ್ಟು ಸಿಕ್ಕಿತು. ಕತ್ತರಿಸಿ, ನೀರು ತುಂಬಿದ ಮಗುವಿನ ಸ್ನಾನದ ತೊಟ್ಟಿಗೆ ಹಾಕಿದೆ. ತಳ ಕಾಣುತ್ತಿತ್ತು, ಉಳಿದದ್ದನ್ನೂ ಹಾಕಿದೆ.

ಅರ್ಧ ಗಂಟೆಯಲ್ಲಿ ಪಾಚಿ ತೊಟ್ಟಿ ತುಂಬಿತು. ಬಕೆಟ್ಟು ತುಂಬಿತು. ಕಿಮ್ಚಿ ಉಪ್ಪಿನಕಾಯಿಯ ಡಬ್ಬಗಳು ತುಂಬಿದವು. ಉಳಿದದ್ದು ನೆಲಕ್ಕೆ ಹಾಸಿದ್ದ ಪ್ಲಾಸ್ಟಿಕ್ ಹಾಳೆಯ ಮೇಲೆ ಹಸಿರಾಗಿ, ನುಣ್ಣಗೆ ಹರಡಿಕೊಂಡು ಇನ್ನೂ ಉಬ್ಬುತ್ತಲೇ ಇತ್ತು.

ಬಾಗಿಲು ತೆರೆಯಿತು.

“ಆರಿನ್ ಅಪ್ಪಾ! ಏನ್ರೀ ಇದು, ಮನೇನೋ ಹಡಗಿನ ಬಂದರೋ?” ಹೇರಿಮ್ ಕಿರುಚಿದಳು.

ಅತ್ತೆ ನೆಲದಿಂದ ಕೆಂಪು ದಾರ ಹೆಕ್ಕಿದರು. “ಅಳಿಯಂದ್ರೇ, ಇದನ್ನ ಕತ್ತರಿಸಿದ್ರಾ?”

“ತೊಳೆದ ಕತ್ತರೀಲೇ, ಅಮ್ಮಾ.”

“ಅಯ್ಯೋ! ಬಾಣಂತಿಗೆ ಸೂಪು ಮಾಡಿಕೊಡೋ ಪಾಚಿ ಇದು. ಮುರಿದ್ರೆ ಹೆರಿಗೆ ಕಷ್ಟ ಆಗುತ್ತೆ ಅಂತ ಮಾರೋನೂ ಮಡಚಲ್ಲ. ಬಸುರಿ ಕಿರೀ ಮಗಳಿಗೆ ಅಂತ ಕಡಲ ದಂಡೆಯ ಗಿಜಾಂಗ್‌ನಿಂದ ಬಸ್ಸಲ್ಲಿ ತೊಡೆ ಮೇಲೆ ಮಲಗಿಸ್ಕೊಂಡು ತಂದಿದ್ದೆ!”

“ಅದೂ ಪೂರ್ತಿ ಕಟ್ಟು!” ಹೇರಿಮ್ ಹಣೆ ಚಚ್ಚಿಕೊಂಡಳು. “ಊರಿನ ಬಾಣಂತಿಯರನ್ನೆಲ್ಲ ಕರೀಬೇಕು ಈಗ.”

ಮಂಡಿಯೂರಿ ಕ್ಷಮೆ ಕೇಳೋಣವೆಂದು ಒಂದು ಹೆಜ್ಜೆ ಮುಂದಿಟ್ಟೆ. ಕಾಲು ಪಾಚಿಯ ಮೇಲೆ ಬಿತ್ತು. ಉಳಿದ ನಾನು ತೊಟ್ಟಿಯ ಮೇಲೆ. ತಲೆ, ಮುಖ, ಹೆಗಲಿನ ತುಂಬ ಪಾಚಿ.

ಆಮೇಲೆ, ನಾನು ಎಂದೂ ಕೇಳಿರದ ಒಂದು ನಗು. ಆರಿನ್ ಅಜ್ಜಿಯ ಬೆನ್ನಿಂದ ಕೊಸರಿ ಇಳಿದಳು. ಪಚಪಚ ಸದ್ದು ಮಾಡುತ್ತ ಅಂಬೆಗಾಲಿಟ್ಟು ನನ್ನವರೆಗೂ ಬಂದಳು. ನನ್ನ ಹಣೆಯ ಪಾಚಿ ಹಿಡಿದೆಳೆದಳು. ಆಮೇಲೆ ಐದು ಒದ್ದೆ ಬೆರಳು ನನ್ನ ಕೆನ್ನೆಯ ಮೇಲೆ ನಿಂತವು, ಹೂವಿನ ಮೇಲೆ ಇಬ್ಬನಿ ನಿಂತಂತೆ. (ಕೆನ್ನೆ ಕ್ಷೌರ ಕಂಡು ಎರಡು ದಿನವಾಗಿತ್ತು. ಆದರೂ.)

“ಅಪ್ಪ ಕಣಮ್ಮ,” ಎಂದೆ. ಚೆನ್ನಾಗಿ ನೋಡಿಕೊಳ್ಳಲಿ ಎಂದು ಮುಖ ಒರೆಸಿಕೊಂಡೆ.

ನೋಡಿದಳು. ಗೋಳೋ ಎಂದು ಅತ್ತಳು.

“ಹಾಕ್ಕೊಳ್ಳಿ! ಮತ್ತೆ ಹಾಕ್ಕೊಳ್ಳಿ!” ಎಂದು ಕೂಗಿ ಅತ್ತೆಯೇ ಒಂದು ಹಿಡಿ ಪಾಚಿಯನ್ನು ನನ್ನ ಮುಖಕ್ಕೆ ಮೆತ್ತಿದರು. ಅಳು ನಿಂತಿತು. ಹೊರಡುವ ಹೊತ್ತಿನವರೆಗೂ ನಾನು ಹಾಗೇ ಕೂತಿದ್ದೆ, ಮಗಳನ್ನು ಮೊದಲ ಬಾರಿಗೆ ಮಡಿಲಲ್ಲಿಟ್ಟುಕೊಂಡು, ಪಾಚಿಯ ಸಂದಿನಿಂದ ಅವಳನ್ನು ನೋಡುತ್ತ.

ಬುಧವಾರ ಹೇರಿಮ್ ಫೋನು ಮಾಡಿದಳು. “ರೀ, ಇವತ್ತು ಮೊದಲನೇ ಸಲ ‘ಅಪ್ಪ’ ಅಂದ್ಲು! ಎರಡೂ ಕೈ ಚಾಚಿ!”

“ನನ್ನ ಫೋಟೋ ತೋರಿಸಿದ್ಯಾ?”

ಅವಳು ನಗು ತಡೆದುಕೊಂಡಳು.

“ಇಲ್ಲ. ಅಮ್ಮ ಪಾಚಿ ಸೂಪು ಬಡಿಸ್ತಿದ್ರು.”